ಗಾಡಿ ಬದಲಾಯಿತು, ಲೆಕ್ಕ ಬದಲಾಗಲಿಲ್ಲ



ದೀಪಾವಳಿ ಸಮೀಪಿಸಿತೆಂದರೆ ನಮ್ಮ ಜತ್ತ ತಾಲೂಕಿನ ಗಡಿ ಹಳ್ಳಿಗಳಲ್ಲಿ ಹಲವು ಮನೆಗಳಿಗೆ ಬೀಗ ಬೀಳುತ್ತದೆ. ಗಂಡ, ಹೆಂಡತಿ, ಸಣ್ಣ ಮಕ್ಕಳು, ಹಿಟ್ಟಿನ ಚೀಲ, ಎರಡು ಕೊಯ್ತಾ, ನಾಲ್ಕು ಪಾತ್ರೆ, ಒಂದೆರಡು ಕೋಳಿ, ಇಷ್ಟನ್ನೂ ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ನಮ್ಮ ಜನ ಕಬ್ಬು ಕಡಿಯಲು ಹೊರಡುತ್ತಾರೆ. ಕೆಲವರು ಸಾಂಗ್ಲಿ, ಕೊಲ್ಹಾಪುರದ ಕಡೆ, ಕೆಲವರು ಗಡಿ ದಾಟಿ ಬೆಳಗಾವಿ, ಬಾಗಲಕೋಟೆಯ ಕಡೆ. ಟ್ರ್ಯಾಕ್ಟರ್ ಇದ್ದವರು ಕಾರ್ಖಾನೆಯೊಂದಿಗೆ ಸಾಗಾಣಿಕೆಯ ಕರಾರು ಮಾಡಿಕೊಂಡು ಅದೇ ದಾರಿ ಹಿಡಿಯುತ್ತಾರೆ. ನಾಲ್ಕೈದು ತಿಂಗಳ ಈ ಹಂಗಾಮಿನ ಗಳಿಕೆಯ ಮೇಲೆ ವರ್ಷದ ಸಂಸಾರ ನಿಂತಿರುತ್ತದೆ.

ಈ ಕೆಲಸದ ಸಾಧನಗಳು ನನ್ನ ಕಣ್ಣೆದುರಿಗೇ ಬದಲಾದವು. ಚಕ್ಕಡಿ ಹೋಗಿ ಟಾಯರ ಗಾಡಿ ಬಂತು. ಟಾಯರ ಗಾಡಿ ಕಡಿಮೆಯಾಗಿ ಟ್ರ್ಯಾಕ್ಟರ್ ಬಂತು. ಈಗ ಕೊಯ್ತಾದ ಜಾಗಕ್ಕೆ ಕಟಾವು ಯಂತ್ರ ಬರುತ್ತಿದೆ. ಈ ಬದಲಾವಣೆಯಿಂದ ದುಡಿಯುವವರ ಗಳಿಕೆ ಏನಾಯಿತು, ಗಾಡಿ ಓಡಿಸುವವರ ಜೀವಕ್ಕೆ ಏನಾಯಿತು ಎಂಬುದನ್ನು ಇಂದು ನಿಮ್ಮ ಮುಂದೆ ಇಡಬೇಕೆಂದಿದ್ದೇನೆ.

ನಾನು ಎಂಜಿನಿಯರನಲ್ಲ, ಮುಖಂಡನೂ ಅಲ್ಲ. ಮ್ಯಾಟ್ರಿಕ್ ಪಾಸು ಮಾಡಿ 1979ರಲ್ಲಿ ಬ್ಯಾಂಕಿಗೆ ಗುಮಾಸ್ತನಾಗಿ ಸೇರಿದವ, 2019ರಲ್ಲಿ ನಿವೃತ್ತನಾದವ. ಆ ನಾಲ್ವತ್ತು ವರ್ಷಗಳಲ್ಲಿ ಹೆಚ್ಚಿನ ಕಾಲ ಸಾಲದ ಮೇಜಿನ ಹಿಂದೆ ಕುಳಿತಿದ್ದೆ. ಎತ್ತಿನ ಸಾಲ, ಗಾಡಿಯ ಸಾಲ, ಟ್ರ್ಯಾಕ್ಟರಿನ ಸಾಲ, ಎಲ್ಲ ಅರ್ಜಿಗಳೂ ನನ್ನ ಕೈಯಿಂದ ದಾಟಿ ಹೋದವು. ನನಗೆ ಬರುವ ವಿದ್ಯೆ ಒಂದೇ, ಲೆಕ್ಕ ಓದುವುದು. ಆ ಲೆಕ್ಕದಿಂದ ನಾನು ಕಲಿತದ್ದು ಇಷ್ಟು. ಹೊಸ ಸಾಧನವೊಂದು ಊರಿಗೆ ಬಂದಾಗ ಮೂರು ಪ್ರಶ್ನೆ ಕೇಳಬೇಕು. ಸಾಧನ ಯಾರದು? ಕೂಲಿಯ ಅಳತೆ ಯಾವುದು? ಅಪಾಯ ಯಾರ ತಲೆಯ ಮೇಲೆ? ಈ ಮೂರನ್ನೂ ಮೊದಲೇ ಕೇಳಿದವರು ಉಳಿದರು. ಕೇಳದವರು ಆಮೇಲೆ ನನ್ನ ಮೇಜಿನ ಮುಂದೆ ತಲೆ ತಗ್ಗಿಸಿ ನಿಂತರು.

ಮೊದಲು ಗಾಡಿಯಿಂದ ಆರಂಭಿಸೋಣ. 1980ರಲ್ಲಿ ಸಮಗ್ರ ಗ್ರಾಮೀಣ ಅಭಿವೃದ್ಧಿ ಯೋಜನೆ, ಅಂದರೆ ನಾವು ಐ.ಆರ್.ಡಿ.ಪಿ. ಎನ್ನುತ್ತಿದ್ದ ಯೋಜನೆ, ದೇಶದ ಎಲ್ಲ ಬ್ಲಾಕುಗಳಿಗೂ ಬಂತು. ಬಡವರಿಗೆ ಎತ್ತು, ಗಾಡಿ, ಎಮ್ಮೆ ಕೊಳ್ಳಲು ಸಾಲ ಮತ್ತು ಸಹಾಯಧನ. ಆಗಿನ ಚಕ್ಕಡಿಗೆ ಕಬ್ಬಿಣದ ಪಟ್ಟಿ ಬಡಿದ ಕಟ್ಟಿಗೆಯ ಗಾಲಿ. ಒಂದು, ಒಂದೂವರೆ ಟನ್ನು ಕಬ್ಬು ಹೇರಿದರೆ ಎತ್ತುಗಳಿಗೆ ಸಾಕಾಗುತ್ತಿತ್ತು. ಬಳಿಕ ಬೇರಿಂಗು ಕೂಡಿಸಿದ ರಬ್ಬರ್ ಟಾಯರಿನ ಗಾಡಿ ಬಂತು. ಅದೇ ಎತ್ತುಗಳು ಎರಡು ಟನ್ನಿನ ಮೇಲೆ ಎಳೆಯತೊಡಗಿದವು. ನಾವೆಲ್ಲ ಸಂತೋಷಪಟ್ಟೆವು, ಗಳಿಕೆ ಹೆಚ್ಚಿತು ಎಂದುಕೊಂಡೆವು.

ಆದರೆ ಎರಡು ಸಂಗತಿ ನಮ್ಮ ಲಕ್ಷ್ಯಕ್ಕೆ ಬರಲಿಲ್ಲ. ಮೊದಲನೆಯದು, ಅನೇಕ ಕಡೆ ಟಾಯರ ಗಾಡಿ ಕಾರ್ಖಾನೆಯದಾಗಿತ್ತು, ಎತ್ತು ಮಾತ್ರ ಕೂಲಿಯವನದು. ಗಾಡಿಯ ಬಾಡಿಗೆ ಕೂಲಿಯಲ್ಲಿ ಮುರಿಯುತ್ತಿದ್ದರು. ಹೆಚ್ಚು ಹೇರಿದ್ದರ ಲಾಭದಲ್ಲಿ ಒಂದು ಪಾಲು ಹೀಗೆ ಹಿಂದಕ್ಕೆ ಹೋಯಿತು. ಎರಡನೆಯದು, ಕಟ್ಟಿಗೆಯ ಗಾಲಿ ಭಾರವಾಗಿ ಉರುಳುವುದರಿಂದ ಇಳಿಜಾರಿನಲ್ಲಿ ತಾನೇ ತಡೆಯುತ್ತಿತ್ತು. ಟಾಯರ ಗಾಲಿ ಹಗುರವಾಗಿ ಉರುಳಿ ಇಳಿಜಾರಿನಲ್ಲಿ ಎತ್ತುಗಳ ಮೇಲೆಯೇ ನುಗ್ಗುತ್ತಿತ್ತು. ಗಾಲಿ ಸುಧಾರಿಸಿತು, ತಡೆ ಸುಧಾರಿಸಲಿಲ್ಲ. ಎತ್ತಿನ ಕೊರಳು ಹುಣ್ಣಾಯಿತು, ಗಾಡಿಯವನ ಕಾಲು ಗಾಲಿಗೆ ಸಿಕ್ಕಿತು. ಎಳೆಯುವ ಶಕ್ತಿ ಹೆಚ್ಚಿದಾಗ ನಿಲ್ಲಿಸುವ ಶಕ್ತಿಯೂ ಹೆಚ್ಚಬೇಕು. ಈ ಸಣ್ಣ ಮಾತನ್ನು ನೆನಪಿನಲ್ಲಿಡಿರಿ, ಮುಂದೆ ಮತ್ತೆ ಬರುತ್ತದೆ.

ಆ ಬಳಿಕ ಟ್ರ್ಯಾಕ್ಟರಿನ ಕಾಲ. ಐವತ್ತು ಅಶ್ವಶಕ್ತಿಯ ಟ್ರ್ಯಾಕ್ಟರಿನ ತೂಕ ಸುಮಾರು ಎರಡು ಟನ್ನು. ಅದರ ಹಿಂದೆ ಎರಡು ಟ್ರೇಲರ್ ಕಟ್ಟಿ 15ರಿಂದ 20 ಟನ್ನು ಕಬ್ಬು ಹೇರುವುದನ್ನು ನೀವು ಹಂಗಾಮಿನಲ್ಲಿ ದಿನವೂ ನೋಡುತ್ತೀರಿ. ಎಂಜಿನ್ನಿಗೆ ಅಷ್ಟು ಎಳೆಯುವ ಶಕ್ತಿ ಇದೆ, ನಿಜ. ಆದರೆ ಬ್ರೇಕು ಎಲ್ಲಿದೆ? ಟ್ರ್ಯಾಕ್ಟರಿನ ಹಿಂದಿನ ಎರಡು ದೊಡ್ಡ ಗಾಲಿಗಳಲ್ಲಿ. ಎಷ್ಟೋ ಟ್ರೇಲರುಗಳಿಗೆ ತಮ್ಮದೆಂಬ ಬ್ರೇಕೇ ಇರುವುದಿಲ್ಲ. ಎರಡು ಟನ್ನಿನ ಮುಂದಾಳು ಇಪ್ಪತ್ತು ಟನ್ನಿನ ಹಿಂಬಾಲಕನನ್ನು ನಿಲ್ಲಿಸಬೇಕು. ಸಂತೆಯಲ್ಲಿ ಸಣ್ಣ ಹುಡುಗನೊಬ್ಬ ಬೆದರಿದ ಕೋಣದ ಹಗ್ಗ ಹಿಡಿದಂತೆ ಇದು. ಕೋಣ ಸುಮ್ಮನೆ ನಡೆಯುವವರೆಗೆ ಹುಡುಗನೇ ಅದನ್ನು ನಡೆಸುತ್ತಿದ್ದಾನೆ ಎಂದು ಕಾಣುತ್ತದೆ.

ಇಳಿಜಾರಿನಲ್ಲಿ ಚಾಲಕ ಒಮ್ಮೆಲೇ ಬ್ರೇಕು ಒತ್ತಿದರೆ ಹಿಂದಿನ ಭಾರ ಮುಂದಕ್ಕೆ ತಳ್ಳುತ್ತದೆ. ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚುತ್ತದೆ. ಏರಿನಲ್ಲಿ ಭಾರ ಹಿಂದಕ್ಕೆ ಜಗ್ಗಿದರೆ ಮುಂದಿನ ಗಾಲಿಗಳು ಮೇಲೇಳುತ್ತವೆ. ಮುಂದಿನ ಗಾಲಿ ನೆಲ ಬಿಟ್ಟಿತೆಂದರೆ ಸ್ಟೇರಿಂಗು ಕೈಯಲ್ಲಿದ್ದೂ ಇಲ್ಲದಂತೆ. ವೇಗದ ಲೆಕ್ಕವನ್ನೂ ನೋಡಿರಿ. ವೇಗ ಎರಡು ಪಟ್ಟಾದರೆ ಬ್ರೇಕು ಹಿಡಿದ ಮೇಲೆ ಗಾಡಿ ಓಡುವ ದೂರ ನಾಲ್ಕು ಪಟ್ಟಾಗುತ್ತದೆ. ಎತ್ತಿನ ಗಾಡಿ ಗಂಟೆಗೆ 5 ಕಿಲೋಮೀಟರ್ ನಡೆಯುತ್ತಿತ್ತು. ಟ್ರ್ಯಾಕ್ಟರು 20 ಕಿಲೋಮೀಟರ್ ಓಡಿದರೆ ವೇಗ ನಾಲ್ಕು ಪಟ್ಟು, ನಿಲ್ಲಲು ಬೇಕಾಗುವ ದೂರ ಹದಿನಾರು ಪಟ್ಟು. ಹೇರಿದ ಭಾರಕ್ಕೆ ತಕ್ಕ ಬ್ರೇಕಿಲ್ಲದಿದ್ದರೆ ಅದು ಇನ್ನೂ ಹೆಚ್ಚು.

ರಾತ್ರಿಯ ಮಾತು ಬೇರೆ. ಕಬ್ಬು ಟ್ರೇಲರಿನ ಆಚೆ ಈಚೆ ಚಾಚಿ ಹಿಂದಿನ ದೀಪವನ್ನು ಮುಚ್ಚಿಬಿಡುತ್ತದೆ. ಹಿಂದೆ ಬರುವ ಮೋಟಾರ್ ಸೈಕಲ್ಲಿನವನಿಗೆ ಕತ್ತಲೆಯಲ್ಲಿ ಕತ್ತಲೆಯ ಗುಡ್ಡೆ ನಿಂತಂತೆ, ಏನೂ ಕಾಣುವುದಿಲ್ಲ. ಹೀಗೆ ಡಿಕ್ಕಿ ಹೊಡೆದು ಸತ್ತವರ ಸುದ್ದಿ ಪ್ರತಿ ಹಂಗಾಮಿನಲ್ಲಿಯೂ ನಮ್ಮ ಕಡೆಯ ಕನ್ನಡ, ಮರಾಠಿ ಪತ್ರಿಕೆಗಳಲ್ಲಿ ಬರುತ್ತದೆ. ಮುಂದಿನ ಚಾಲಕನ ತಪ್ಪೋ, ಹಿಂದಿನವನ ತಪ್ಪೋ ಎಂದು ಜನ ಜಗಳವಾಡುತ್ತಾರೆ. ಸತ್ತವನ ಮನೆಗೆ ಎರಡೂ ಒಂದೇ.

ಇಷ್ಟು ಅಪಾಯವಿದ್ದರೂ ಚಾಲಕರು ಏಕೆ ಅವಸರ ಮಾಡುತ್ತಾರೆ? ನಿದ್ದೆಗೆಟ್ಟು ಏಕೆ ಓಡಿಸುತ್ತಾರೆ? ಹುಡುಗರಿಗೆ ಹುಚ್ಚು ಧೈರ್ಯ ಎಂದು ಹೇಳಿ ನಾವು ಕೈ ತೊಳೆದುಕೊಳ್ಳುತ್ತೇವೆ. ನಾನೂ ಹಾಗೆಯೇ ಹೇಳುತ್ತಿದ್ದೆ. ಒಂದು ದಿನ ನಮ್ಮ ಓಣಿಯ ಹುಡುಗನೊಬ್ಬ ನನ್ನ ಬಾಯಿ ಮುಚ್ಚಿಸಿದ. "ರಾತ್ರಿಯಾದರೂ ಮಲಗಬಾರದೇನೋ" ಎಂದು ಕೇಳಿದ್ದಕ್ಕೆ ಅವನ ಉತ್ತರ ಹೀಗಿತ್ತು: "ಕಾಕಾ, ನಂದು ಖೇಪಿನ ಮ್ಯಾಲಿನ ಪಗಾರ. ಕಾರ್ಖಾನಿ ಮುಂದ ಸಾಲಿನ್ಯಾಗ ನಿಂತಿದ್ದಕ್ಕ ಯಾರೂ ರೊಕ್ಕ ಕೊಡೂದಿಲ್ಲ. ಅಲ್ಲಿ ಕಳಕೊಂಡದ್ದನ್ನ ರಸ್ತಾದ ಮ್ಯಾಲ ಗಳಿಸಬೇಕು."

ಬಾಂಧವರೇ, ಈ ಒಂದು ಮಾತಿನಲ್ಲಿ ಇಡೀ ವಿಷಯವಿದೆ. ಲೆಕ್ಕ ಹಾಕಿ ನೋಡೋಣ. ಉದಾಹರಣೆಗೆ ಒಂದು ಖೇಪಿಗೆ ಚಾಲಕನಿಗೆ 500 ರೂಪಾಯಿ ಎಂದು ಹಿಡಿಯಿರಿ. ಸಾಲು ಇಲ್ಲದ ದಿನ ಎರಡು ಖೇಪು ಆಗುತ್ತವೆ, ಕೈಗೆ 1000 ರೂಪಾಯಿ. ಕಾರ್ಖಾನೆಯ ಅಂಗಳದಲ್ಲಿ ಸಾಲು ಬೆಳೆದು ಎರಡು ದಿನಕ್ಕೆ ಒಂದೇ ಖೇಪು ಆಯಿತೆನ್ನಿ. ಆಗ ದಿನಕ್ಕೆ ಬಿದ್ದದ್ದು 250. ಎಚ್ಚರವಾಗಿ ಕಾದದ್ದಕ್ಕೆ ಕೂಲಿ ಇಲ್ಲ. ಹೀಗಾಗಿ ಸಾಲಿನಿಂದ ಹೊರಬಿದ್ದ ಕೂಡಲೆ ಅವನು ಹೊಲಕ್ಕೆ ಓಡಬೇಕು, ಹೇರಿಸಬೇಕು, ರಾತ್ರಿಯೇ ಮರಳಬೇಕು. ಟ್ರ್ಯಾಕ್ಟರು ಎತ್ತಿಗಿಂತ ನಾಲ್ಕು ಪಟ್ಟು ವೇಗವಾಗಿ ಓಡುತ್ತದೆ, ಆದರೆ ಆ ಉಳಿದ ವೇಳೆ ಚಾಲಕನ ನಿದ್ದೆಗೆ ಸಿಗಲಿಲ್ಲ, ಕಾರ್ಖಾನೆಯ ಅಂಗಳ ಅದನ್ನು ನುಂಗಿತು. ಎತ್ತಿಗಾದರೂ ದಣಿವಾದರೆ ಮಲಗುತ್ತಿತ್ತು, ಎಬ್ಬಿಸಿದರೂ ಏಳುತ್ತಿರಲಿಲ್ಲ. ಅದರೊಂದಿಗೆ ಗಾಡಿಯವನೂ ಮಲಗುತ್ತಿದ್ದ. ಎಂಜಿನ್ನಿಗೆ ದಣಿವಿಲ್ಲ, ಅದಕ್ಕೇ ಮನುಷ್ಯನ ದಣಿವು ಯಾರಿಗೂ ಕಾಣದಂತಾಯಿತು.

ಮೋಟಾರು ಸಾರಿಗೆ ಕಾರ್ಮಿಕರ ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48 ಗಂಟೆ ಮೀರಬಾರದು ಎಂದು 1961ರಲ್ಲಿಯೇ ಕಾಯ್ದೆ ಬರೆದಿತ್ತು. ಬಸ್ಸಿನ ಚಾಲಕರಿಗೆ ಅದರಿಂದ ಒಂದಿಷ್ಟು ನೆರಳು ಸಿಕ್ಕಿತು. ಹೊಸದಾಗಿ ತಯಾರಾಗುವ ಮಧ್ಯಮ ಮತ್ತು ಭಾರಿ ಲಾರಿಗಳ ಕ್ಯಾಬಿನ್ನಿನಲ್ಲಿ ಹವಾನಿಯಂತ್ರಣ ಇರಬೇಕೆಂಬ ನಿಯಮವೂ 2025ರಲ್ಲಿ ಜಾರಿಗೆ ಬಂದಿದೆ. ಒಳ್ಳೆಯದೇ. ಆದರೆ ಒಂದೇ ಟ್ರ್ಯಾಕ್ಟರ್ ಇರುವ ಮನೆಯಲ್ಲಿ ಗಂಟೆ ಎಣಿಸುವವರಿಲ್ಲ. ಅಲ್ಲಿ ಚಾಲಕನ ತಲೆಯ ಮೇಲೆ ಛತ್ತೂ ಇಲ್ಲ, ಚಳಿಗೆ ಒಂದು ಕಂಬಳಿ, ನಿದ್ದೆ ಬಾರದಿರಲೆಂದು ಜೋರಾದ ಹಾಡು.

ಈಗ ನನ್ನ ಮನಸ್ಸಿನಲ್ಲಿ ಇಂದಿಗೂ ಚುಚ್ಚುವ ಸಂಗತಿಯೊಂದನ್ನು ಹೇಳುತ್ತೇನೆ. ಅದೇ ಹುಡುಗ, "ಕಾಕಾ" ಎಂದು ನನ್ನನ್ನು ಕರೆದವನು. ಅವನ ತಂದೆ ಎರಡು ಎಕರೆ ಒತ್ತೆ ಇಟ್ಟು ಟ್ರ್ಯಾಕ್ಟರಿನ ಸಾಲ ತೆಗೆದ. ಅರ್ಜಿ ತುಂಬಿದವನು ನಾನೇ. ಮಾಲೀಕನ ಹೆಸರು ಎಂಬ ಜಾಗದಲ್ಲಿ ತಂದೆಯ ಹೆಸರು ಬರೆದೆ, ಹೊಲ ಅವನದು ಎಂಬ ಕಾರಣಕ್ಕೆ. ವಿಮೆಯ ಕಾಗದಕ್ಕೂ ಅದೇ ಹೆಸರು ಹೋಯಿತು. ಟ್ರ್ಯಾಕ್ಟರನ್ನು ಓಡಿಸುವವರು ಯಾರು ಎಂದು ನಾನು ಕೇಳಲಿಲ್ಲ. ಫಾರ್ಮಿನಲ್ಲಿ ಆ ಪ್ರಶ್ನೆ ಇರಲಿಲ್ಲ, ನನ್ನ ತಲೆಯಲ್ಲೂ ಬರಲಿಲ್ಲ.

2011ರ ಹಂಗಾಮಿನಲ್ಲಿ, ಎರಡನೆಯ ರಾತ್ರಿಯೂ ಕಣ್ಣು ಮುಚ್ಚದೆ, ನಸುಕಿನ ಮೂರರ ಹೊತ್ತಿಗೆ ಆ ಹುಡುಗ ತುಂಬಿದ ಎರಡು ಟ್ರೇಲರುಗಳೊಂದಿಗೆ ಸೇತುವೆಯ ಇಳಿಜಾರು ಇಳಿಯುತ್ತಿದ್ದ. ಎದುರಿಗೆ ಏನೋ ಅಡ್ಡ ಬಂತು, ಬ್ರೇಕು ಒತ್ತಿದ. ಹಿಂದಿನ ಭಾರ ತಳ್ಳಿತು. ಟ್ರ್ಯಾಕ್ಟರು ಅಡ್ಡ ತಿರುಗಿ ಮಗುಚಿತು. ಜೀವ ಉಳಿಯಿತು, ಬಲಗಾಲು ಮೊಣಕಾಲಿನ ಮೇಲೆ ಹೋಯಿತು.

ವಿಮೆಗೆ ಅರ್ಜಿ ಹಾಕಿದೆವು. ಉತ್ತರ ಬಂತು. ಮಾಲೀಕನೇ ಓಡಿಸುತ್ತಿದ್ದರೆ ಮಾಲೀಕ-ಚಾಲಕನ ಅಪಘಾತ ವಿಮೆ ಸಿಗುತ್ತಿತ್ತು, ಆದರೆ ಹುಡುಗನ ಹೆಸರು ನೋಂದಣಿ ಪುಸ್ತಕದಲ್ಲಿಲ್ಲ. ಪಗಾರದ ಚಾಲಕನಾಗಿದ್ದರೆ ನೌಕರನ ಪರಿಹಾರ ಸಿಗುತ್ತಿತ್ತು, ಆದರೆ ಅವನು ಮಾಲೀಕನ ಮಗ, ಪಗಾರದ ದಾಖಲೆ ಇಲ್ಲ. ಖೇಪಿನ ಹಣವನ್ನು ಕಾರ್ಖಾನೆಯ ಬಿಲ್ಲು ಬಂದಾಗ ತಂದೆಯೇ ಎಣಿಸಿ ಕೊಡುತ್ತಿದ್ದ. ಅದಕ್ಕೆ ಚೀಟಿ ಎಲ್ಲಿಂದ ಬರಬೇಕು? ಮನೆಯಲ್ಲಿ ಮಗ, ರಸ್ತೆಯಲ್ಲಿ ಚಾಲಕ, ಕಾಗದದಲ್ಲಿ ಯಾರೂ ಅಲ್ಲ. ಎರಡು ಕುರ್ಚಿಗಳ ನಡುವೆ ನೆಲಕ್ಕೆ ಬಿದ್ದ. ಸಾಲದ ಕಂತು ಮಾತ್ರ ನಿಲ್ಲಲಿಲ್ಲ. ಕಂತು ಬಾಕಿಯ ನೋಟೀಸು ಬರೆದ ಕೈಯೂ ನನ್ನದೇ. ಇಂದು ಅವನು ಬಸ್ ನಿಲ್ದಾಣದ ಬಳಿ ಕಿರಾಣಿ ಅಂಗಡಿ ಇಟ್ಟುಕೊಂಡಿದ್ದಾನೆ. ನಾನು ಹೋದರೆ ಚಹಾ ತರಿಸುತ್ತಾನೆ. ಒಮ್ಮೆಯೂ ಆ ಮಾತು ಎತ್ತಿಲ್ಲ. ಎತ್ತಿದ್ದರೆ ನನಗೆ ಇಷ್ಟು ಭಾರವಾಗುತ್ತಿರಲಿಲ್ಲವೇನೋ.

ಸಾಗಿಸುವವರ ಕಥೆ ಇದಾದರೆ, ಕಡಿಯುವವರ ಕಥೆ ಏನು? ನಮ್ಮ ಕಡೆ ಗಂಡ ಹೆಂಡತಿ ಕೂಡಿದರೆ ಒಂದು ಕೊಯ್ತಾ ಎಂದು ಎಣಿಕೆ. ಮಳೆಗಾಲದಲ್ಲಿಯೇ ಮುಕಾದಮನಿಂದ ಉಚಲ, ಅಂದರೆ ಮುಂಗಡ, ತೆಗೆದುಕೊಂಡಿರುತ್ತಾರೆ. ಅದನ್ನು ದುಡಿದು ತೀರಿಸಬೇಕು. ಕೂಲಿ ಟನ್ನಿನ ಮೇಲೆ. ಮಹಾರಾಷ್ಟ್ರದಲ್ಲಿ 2024ರ ಜನವರಿಯಲ್ಲಿ ಆದ ಒಪ್ಪಂದದಿಂದ ಟನ್ನಿಗೆ 273 ರೂಪಾಯಿಯಷ್ಟಿದ್ದ ಕಟಾವಿನ ದರ 366ಕ್ಕೆ ಏರಿತು. ಶೇಕಡಾ 34ರ ಏರಿಕೆ. ಸಣ್ಣದಲ್ಲ. ಜೋಡಿಯೊಂದು ದಿನಕ್ಕೆ ಎರಡು ಟನ್ನು ಕಡಿದರೆ 732 ರೂಪಾಯಿ. ಒಬ್ಬೊಬ್ಬರಿಗೆ 366. ಬೆಳಕು ಹರಿಯುವ ಮೊದಲೇ ಹೊಲಕ್ಕೆ ಇಳಿದು, ರಾತ್ರಿ ಕಟ್ಟುಗಳನ್ನು ತಲೆಯ ಮೇಲೆ ಹೊತ್ತು, ಟ್ರೇಲರಿಗೆ ಹಚ್ಚಿದ ಹಲಗೆಯ ಮೇಲೆ ಹತ್ತಿ ಹೇರಿದ ದಿನದ ಕೂಲಿ ಇದು.

ಅದೇ ಹೊತ್ತಿಗೆ ಕಟಾವು ಯಂತ್ರ ಬಂದಿದೆ. ಒಂದು ಯಂತ್ರದ ಬೆಲೆ ಕೋಟಿ ರೂಪಾಯಿಯ ಆಸುಪಾಸು. ಮಹಾರಾಷ್ಟ್ರ ಸರಕಾರ 2023ರಲ್ಲಿ 900 ಯಂತ್ರಗಳಿಗೆ ಬೆಲೆಯ ಶೇಕಡಾ 40ರಷ್ಟು ಅಥವಾ 35 ಲಕ್ಷ ರೂಪಾಯಿ, ಯಾವುದು ಕಡಿಮೆಯೋ ಅಷ್ಟು, ಸಹಾಯಧನ ಕೊಡುವ ಯೋಜನೆ ತಂದಿತು. ಯಂತ್ರ ಚೆನ್ನಾಗಿ ನಡೆದರೆ ದಿನಕ್ಕೆ 100 ಟನ್ನಿನ ಮೇಲೆ ಕಡಿಯುತ್ತದೆ. ಜೋಡಿಗೆ ಎರಡು ಟನ್ನಿನಂತೆ ಹಿಡಿದರೆ ಇದು ಐವತ್ತು ಜೋಡಿಗಳ ಕೆಲಸ. ಯಂತ್ರ ನಡೆಸುವ ಕೆಲವು ಹುಡುಗರಿಗೆ ತಿಂಗಳ ಪಗಾರದ ನೌಕರಿ ಸಿಗುತ್ತದೆ. ಉಳಿದವರು?

ಉಳಿದವರಿಗೆ ಕೆಲಸ ಪೂರ್ತಿ ಹೋಗುವುದಿಲ್ಲ. ಇಲ್ಲಿಯೇ ಲೆಕ್ಕವನ್ನು ಸೂಕ್ಷ್ಮವಾಗಿ ನೋಡಬೇಕು. ಯಂತ್ರಕ್ಕೆ ದೊಡ್ಡ ಹೊಲ ಬೇಕು, ಅಗಲವಾದ ಸಾಲು ಬೇಕು, ಒಣಗಿದ ನೆಲ ಬೇಕು, ನೆಟ್ಟಗೆ ನಿಂತ ಕಬ್ಬು ಬೇಕು. ಅಂದರೆ ಒಳ್ಳೆಯ ಹೊಲ ಯಂತ್ರಕ್ಕೆ ಹೋಗುತ್ತದೆ. ಗಾಳಿಗೆ ಬಿದ್ದು ಹೆಣೆದುಕೊಂಡ ಕಬ್ಬು, ಕೆಸರಿನ ಹೊಲ, ಬಾಂದಿನ ಮೂಲೆ, ತುಂಡು ಜಮೀನು ಇವು ಕೊಯ್ತಾಕ್ಕೆ ಉಳಿಯುತ್ತವೆ. ದರ ಮಾತ್ರ ಎರಡಕ್ಕೂ ಟನ್ನಿನ ಲೆಕ್ಕದಲ್ಲಿ ಒಂದೇ. ಇಂಥ ಹೊಲದಲ್ಲಿ ಜೋಡಿ ದಿನಕ್ಕೆ ಎರಡರ ಬದಲು ಒಂದೂವರೆ ಟನ್ನು ಕಡಿಯಿತೆನ್ನಿ. 366ರಂತೆ 549 ರೂಪಾಯಿ. ಹಳೆಯ ದರ 273ರಂತೆ ಎರಡು ಟನ್ನಿಗೆ ಬರುತ್ತಿದ್ದದ್ದು 546. ಹೋರಾಡಿ ಪಡೆದ ಶೇಕಡಾ 34ರ ಏರಿಕೆಯಲ್ಲಿ ಕೈಗೆ ಉಳಿದದ್ದು ಮೂರು ರೂಪಾಯಿ! ದರ ಏರಿತು, ಗಳಿಕೆ ಏರಲಿಲ್ಲ. ಕಾಗದದ ಮೇಲೆ ಯಾರೂ ಮೋಸ ಮಾಡಲಿಲ್ಲ, ಅಳತೆಯೇ ಹಾಗೆ ಮಾಡಿತು.

ಇನ್ನೊಂದು ಮಾತು. ಕಡಿದ ಕಬ್ಬು ಬಿಸಿಲಿನಲ್ಲಿ ನಿಂತಷ್ಟೂ ಒಣಗುತ್ತದೆ, ತೂಕ ಇಳಿಯುತ್ತದೆ. ಟ್ರ್ಯಾಕ್ಟರು ಕಾಟಾಕ್ಕೆ ಹೋಗುವ ಮೊದಲು ಸಾಲಿನಲ್ಲಿ ನಿಂತರೆ ಚಾಲಕನ ವೇಳೆ ಹೋಗುತ್ತದೆ, ರೈತನ ತೂಕ ಹೋಗುತ್ತದೆ, ಜೊತೆಗೆ ದೂರದ ಹೊಲದಲ್ಲಿ ಕಡಿಯುತ್ತಿರುವ ಹೆಣ್ಣುಮಗಳ ಕೂಲಿಯೂ ಹೋಗುತ್ತದೆ. ಸಾಲಿಗೂ ಅವಳಿಗೂ ಯಾವ ಸಂಬಂಧ? ಆದರೂ ದಂಡ ಕಟ್ಟುವವಳು ಅವಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರು ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

"ನೀವು ಬ್ಯಾಂಕಿನವರು, ನಿಮಗೇನು, ತಿಂಗಳ ಪಗಾರ ಬಂತು" ಎಂದು ನೀವು ಕೇಳಬಹುದು. ಕೇಳುವುದು ನ್ಯಾಯವೇ. ನಮ್ಮ ಮೇಜಿನ ಮೇಲೂ ಯಂತ್ರ ಬಂತು. ನಾನು ಸೇರಿದಾಗ ಎರಡು ಕೈಯಿಂದ ಎತ್ತಬೇಕಾದ ಲೆಡ್ಜರು, ಹಿತ್ತಾಳೆಯ ಟೋಕನ್ನು, ಆರು ತಿಂಗಳಿಗೊಮ್ಮೆ ಬಡ್ಡಿ ಹಾಕಲು ರಾತ್ರಿಯೆಲ್ಲ ಕೂಡುವ ಕೆಲಸ. ಕಂಪ್ಯೂಟರ್ ಬರುತ್ತದೆ ಎಂಬ ಸುದ್ದಿ ಬಂದಾಗ ನಮಗೂ ಎದೆ ನಡುಗಿತ್ತು, ನಮ್ಮ ಅನ್ನಕ್ಕೆ ಕುತ್ತು ಎಂದುಕೊಂಡಿದ್ದೆವು. ಆದರೆ 1983ರಲ್ಲಿ ಬ್ಯಾಂಕುಗಳ ಆಡಳಿತದವರೂ ನೌಕರರ ಸಂಘಗಳೂ ಕುಳಿತು ಯಾಂತ್ರೀಕರಣದ ಬಗ್ಗೆ ಒಪ್ಪಂದ ಮಾಡಿಕೊಂಡರು. ಎಂಥ ಯಂತ್ರ, ಎಲ್ಲಿ, ಅದನ್ನು ನಡೆಸುವವನಿಗೆ ವಿಶೇಷ ಭತ್ಯೆ ಎಷ್ಟು ಎಂಬುದೆಲ್ಲ ಚರ್ಚೆಯಾಗಿ ಕಾಗದಕ್ಕೆ ಬಂತು. ಕಂಪ್ಯೂಟರ್ ನಮ್ಮ ಶಾಖೆಗೆ ಬಂದದ್ದು ಎಷ್ಟೋ ವರ್ಷಗಳ ನಂತರ. ನಮ್ಮಲ್ಲಿ ಯಾರನ್ನೂ ಮನೆಗೆ ಕಳಿಸಲಿಲ್ಲ, ಯಾರ ಪಗಾರವೂ ಇಳಿಯಲಿಲ್ಲ.

ಸುಳ್ಳು ಹೇಳಬಾರದು, ಅಲ್ಲಿಯೂ ನಷ್ಟವಾಯಿತು. 2000-01ರಲ್ಲಿ ಸ್ವಯಂ ನಿವೃತ್ತಿ ಯೋಜನೆ ಬಂದು ಸರಕಾರಿ ಬ್ಯಾಂಕುಗಳಲ್ಲಿ ಲಕ್ಷದ ಹತ್ತಿರದ ಜನ ಹೊರಗೆ ಹೋದರು. ನಮ್ಮ ಶಾಖೆಯಲ್ಲಿ ನಿವೃತ್ತರಾದವರ ಕುರ್ಚಿಗೆ ಎಷ್ಟೋ ಸಲ ಹೊಸಬರು ಬರಲಿಲ್ಲ. ನನ್ನಂಥ ಮ್ಯಾಟ್ರಿಕ್ ಪಾಸಾದ ಹಳ್ಳಿಯ ಹುಡುಗನಿಗೆ ಇಂದು ಆ ಬಾಗಿಲು ಇಲ್ಲ. ಆದರೆ ಒಳಗಿದ್ದವರ ಸಂಸಾರ ಮುಳುಗಲಿಲ್ಲ. ಕಾರಣ, ನಮ್ಮಲ್ಲಿ ಒಪ್ಪಂದ ಮೊದಲು ಬಂತು, ಯಂತ್ರ ಆಮೇಲೆ ಬಂತು. ಹೊಲದಲ್ಲಿ ಯಂತ್ರ ಮೊದಲು ಬಂತು, ಒಪ್ಪಂದ ಇನ್ನೂ ದಾರಿಯಲ್ಲಿದೆ. ನಾವು ಜಾಣರು, ಕಬ್ಬು ಕಡಿಯುವವರು ದಡ್ಡರು ಎಂದು ಇದರ ಅರ್ಥವಲ್ಲ. ನಾವು ಒಂದು ಛತ್ತಿನ ಕೆಳಗೆ ಕುಳಿತವರು, ಅವರು ನೂರು ಹೊಲಗಳಲ್ಲಿ ಚದುರಿದವರು, ಉಚಲದ ಸಾಲ ಬೆನ್ನ ಮೇಲೆ ಹೊತ್ತವರು.

ಹಾಗಾದರೆ ಏನು ಮಾಡಬೇಕು? ಯಂತ್ರ ಬೇಡ ಎನ್ನುವವನು ನಾನಲ್ಲ. ತಲೆಯ ಮೇಲೆ ಕಬ್ಬಿನ ಕಟ್ಟು ಹೊರುವುದು ಯಾವ ತಾಯಿಯೂ ತನ್ನ ಮಗಳಿಗೆ ಬಯಸುವ ಕೆಲಸವಲ್ಲ. ಯಂತ್ರದೊಂದಿಗೆ ಲೆಕ್ಕವೂ ಬದಲಾಗಲಿ ಎಂಬುದಷ್ಟೇ ನನ್ನ ಮಾತು. ಕೆಲವು ಕೆಲಸ ಸರಕಾರದ್ದು, ಕಾರ್ಖಾನೆಯದು. ಕೆಲವು ನಾವೇ ಈ ವಾರ ಮಾಡಬಹುದಾದದ್ದು.

ಟ್ರ್ಯಾಕ್ಟರಿನ ಮನೆಯವರಿಗೆ ಮೊದಲು ಹೇಳುತ್ತೇನೆ. ಇಂದು ರಾತ್ರಿ ಕಪಾಟಿನಿಂದ ಕಾಗದ ಹೊರಗೆ ತೆಗೆಯಿರಿ. ನೋಂದಣಿಯಲ್ಲಿ ಯಾರ ಹೆಸರಿದೆ, ಓಡಿಸುವವರು ಯಾರು, ಎರಡನ್ನೂ ಜೋಡಿಸಿ ನೋಡಿರಿ. ಓಡಿಸುವವನು ಬೇರೆಯಾಗಿದ್ದರೆ ಅವನಿಗೆ ಪ್ರತ್ಯೇಕ ರಕ್ಷಣೆ ಸೇರಿಸಲು ವಿಮೆಯವರನ್ನು ಕೇಳಿರಿ, ಅದಕ್ಕೆ ಬೀಳುವ ಹೆಚ್ಚಿನ ಹಣ ದೊಡ್ಡದಲ್ಲ. ಸೇರಿಸಿದ್ದನ್ನು ಬಾಯಿಮಾತಿನಲ್ಲಿ ಬಿಡದೆ ಪಾಲಿಸಿಯ ಮೇಲೆ ಬರೆಯಿಸಿಕೊಳ್ಳಿರಿ. ಎರಡೂ ಟ್ರೇಲರುಗಳು ನೋಂದಣಿಯಾಗಿವೆಯೇ, ಪಾಲಿಸಿಯಲ್ಲಿ ಅವುಗಳ ಉಲ್ಲೇಖ ಇದೆಯೇ ನೋಡಿರಿ. ಹೊಲದ ಕೆಲಸಕ್ಕೆಂದು ವಿಮೆ ಮಾಡಿಸಿ ಬಾಡಿಗೆಗೆ ಓಡಿಸಿದರೆ ತಕರಾರು ಬರುತ್ತದೆ. ಕಬ್ಬಿನ ಮೇಲೆ ಹೆಂಗಸರು ಮಕ್ಕಳನ್ನು ಕೂಡಿಸಿಕೊಂಡು ಹೋಗಬೇಡಿರಿ. ಬಿದ್ದರೆ ಜೀವಕ್ಕೂ ಕುತ್ತು, ಸರಕಿನ ವಾಹನದ ಮೇಲೆ ಸುಮ್ಮನೆ ಕುಳಿತು ಹೋಗುವವರಿಗೆ ವಿಮೆಯೂ ಸಿಗುವುದಿಲ್ಲ.

ನಮ್ಮ ಗಡಿನಾಡಿನ ಒಂದು ತೊಂದರೆಯನ್ನೂ ಇಲ್ಲಿ ಹೇಳಬೇಕು. ಮನೆಯ ಮಾತು ಕನ್ನಡ, ಕರಾರಿನ ಭಾಷೆ ಮರಾಠಿ, ಪಾಲಿಸಿಯ ಭಾಷೆ ಇಂಗ್ಲಿಷ್. ನಾವು ಮೂರರ ಮುಂದೆಯೂ ಹೆಬ್ಬೆಟ್ಟನ್ನೋ ಸಹಿಯನ್ನೋ ಒತ್ತಿ ಬರುತ್ತೇವೆ. ಮರಾಠಿ ಮಾತನಾಡಲು ಬಂದ ಮಾತ್ರಕ್ಕೆ ಕರಾರು ತಿಳಿಯಿತು ಎಂದಲ್ಲ. ಊರಲ್ಲಿ ಓದಿದ ಮಕ್ಕಳಿದ್ದಾರೆ, ನಿವೃತ್ತರಾದ ಮಾಸ್ತರರಿದ್ದಾರೆ, ನನ್ನಂಥ ಮುದುಕರೂ ಇದ್ದೇವೆ. ಸಹಿ ಮಾಡುವ ಮೊದಲು ಓದಿಸಿ ಕನ್ನಡದಲ್ಲಿ ಕೇಳಿಕೊಳ್ಳಿರಿ. ನಾಚಿಕೆ ಬೇಡ.

ಗಾಡಿಯ ವಿಷಯ. ಟ್ರೇಲರಿಗೆ ಅದರದೇ ಬ್ರೇಕು ಹಾಕಿಸಿರಿ. ಮಗುಚಿದರೂ ಚಾಲಕನನ್ನು ಕಾಯುವ ಕಬ್ಬಿಣದ ಚೌಕಟ್ಟು, ಅದರೊಂದಿಗೆ ಸೊಂಟದ ಪಟ್ಟಿ ಎರಡೂ ಇರಲಿ. ಪಟ್ಟಿ ಇಲ್ಲದ ಚೌಕಟ್ಟು ಅರ್ಧ ಕೆಲಸ ಮಾಡುತ್ತದೆ. ಹೊಳೆಯುವ ಪಟ್ಟಿ ಹಚ್ಚಿರಿ, ಹಿಂದೆ ಕೆಂಪು, ಬದಿಗೆ ಹಳದಿ, ಮುಂದೆ ಬಿಳಿ. ಕಬ್ಬು ಚಾಚಿ ಅದು ಮುಚ್ಚಿಹೋಗುವುದಾದರೆ ಹೊಳೆಯುವ ಬಟ್ಟೆಯನ್ನು ಕಬ್ಬಿನ ಹೊರಗೆ ಇಳಿಬಿಡಿರಿ.

ಕಾರ್ಖಾನೆಯವರನ್ನು ಎಲ್ಲರೂ ಕೂಡಿ ಎರಡು ಕೇಳೋಣ. ಒಂದು, ಇಂತಿಷ್ಟು ಗಂಟೆಗಿಂತ ಹೆಚ್ಚು ಸಾಲಿನಲ್ಲಿ ನಿಲ್ಲಿಸಿದರೆ ಕಾಯುವ ಭತ್ಯೆ, ಮಲಗಲು ಒಂದು ಚಪ್ಪರ. ಕಾದದ್ದಕ್ಕೆ ಹಣ ಕೊಡಬೇಕಾಗಿ ಬಂದ ದಿನ ಸಾಲು ತಾನಾಗಿ ಸಣ್ಣದಾಗುತ್ತದೆ. ಎರಡು, ಸರದಿಯ ವೇಳೆಯನ್ನು ಮೊಬೈಲಿಗೆ ಮೊದಲೇ ತಿಳಿಸುವುದು. ತೂಕದ ಸಂದೇಶ ಮೊಬೈಲಿಗೆ ಬರುವ ಕಾಲದಲ್ಲಿ ಸರದಿಯ ಸಂದೇಶ ಬಾರದಿರಲು ಕಾರಣವಿಲ್ಲ. ಹೊಸ ಸಾಧನ ಚಾಲಕನ ನಿದ್ದೆಗೂ ಒಮ್ಮೆ ಉಪಯೋಗವಾಗಲಿ.

ಕಡಿಯುವವರಿಗೆ ನನ್ನ ಮಾತು ಇದು. ತೂಕದ ಚೀಟಿಯ ನಕಲು ದಿನವೂ ಕೇಳಿ ಇಟ್ಟುಕೊಳ್ಳಿರಿ. ಬಿದ್ದ ಕಬ್ಬಿಗೆ, ಕೆಸರಿನ ಹೊಲಕ್ಕೆ ಬೇರೆ ದರ ಎಂದು ಮುಂಗಡ ತೆಗೆದುಕೊಳ್ಳುವ ಮೊದಲೇ ಮಾತಾಗಲಿ. ಒಂದು ಕೊಯ್ತಾದಲ್ಲಿ ಎರಡು ಜೀವಗಳಿವೆ, ಆದುದರಿಂದ ಖಾತೆಯೂ ಎರಡಿರಲಿ. ಹೆಂಡತಿಯ ಅರ್ಧ ಅವಳ ಪಾಸ್‌ಬುಕ್ಕಿಗೆ ಬರಲಿ.

ಇಷ್ಟಾದರೂ ಅಪಘಾತ ನಡೆದರೆ 112ಕ್ಕೆ ಫೋನು ಮಾಡಿರಿ. ರಸ್ತೆ ಅಪಘಾತದಲ್ಲಿ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನಗಳವರೆಗೆ ಒಂದೂವರೆ ಲಕ್ಷ ರೂಪಾಯಿ ಮಿತಿಯಲ್ಲಿ ಕೈಯಿಂದ ಹಣ ಕೊಡದೆ ಚಿಕಿತ್ಸೆ ಸಿಗುವ ಯೋಜನೆ 2025ರ ಮೇ ತಿಂಗಳಲ್ಲಿ ಜಾರಿಗೆ ಬಂದಿದೆ. ಹಣ ಹೊಂದಿಸಲು ಓಡಾಡುತ್ತ ಮೊದಲ ಗಂಟೆ ಕಳೆಯಬೇಡಿರಿ.

ಕೂಸು ಹುಟ್ಟುವ ಮೊದಲೇ ಕುಲಾವಿ ಹೊಲಿಸಬಾರದು ಎನ್ನುತ್ತಾರೆ ಹಿರಿಯರು. ಕೂಸಿನ ವಿಷಯದಲ್ಲಿ ಆ ಮಾತು ಸರಿ. ಯಂತ್ರದ ವಿಷಯದಲ್ಲಿ ಮಾತ್ರ ಕುಲಾವಿ ಮೊದಲೇ ಹೊಲಿಸಬೇಕು. ಅದು ಊರಿಗೆ ಬಂದು ನಿಂತ ಮೇಲೆ ನಮ್ಮ ಮಾತು ಅದರ ಸದ್ದಿನಲ್ಲಿ ಕೇಳಿಸುವುದಿಲ್ಲ.

ಈ ವಾರ ನಿಮ್ಮ ಓಣಿಯಲ್ಲಿ ಹೊಸ ಟ್ರ್ಯಾಕ್ಟರಿಗೆ ಪೂಜೆಯಾದರೆ ಹೋಗಿ ಕಾಯಿ ಒಡೆಯಿರಿ, ಪೇಢೆ ತಿನ್ನಿರಿ. ಬರುವ ಮೊದಲು ಒಂದೇ ಒಂದು ಪ್ರಶ್ನೆ ಕೇಳಿ ಬನ್ನಿರಿ: ಇದನ್ನು ಓಡಿಸುವವರು ಯಾರು, ಅವರ ಹೆಸರು ಕಾಗದದಲ್ಲಿದೆಯೇ? ನಾನು ಕೇಳದೆ ಬಿಟ್ಟ ಪ್ರಶ್ನೆ ಅದು.